ಜೋಜಿಲಾ ಕಣಿವೆಯಲ್ಲಿ ಕೊಡಗಿನ ದಂಡನಾಯಕ

ಶ್ರೀನಗರದಿಂದ ಹೊರಟು ಸೋನಾಮಾರ್ಗವನ್ನು ದಾಟಿದ ಪ್ರಯಾಣಿಕನಿಗೆ ಬಾಲ್ತಾಲದ ಬಳಿ ದಾರಿ ಒಮ್ಮೆಗೇ ಮುನಿದಂತೆ ತೋರುತ್ತದೆ. ಅಲ್ಲಿಯವರೆಗೆ ಜೊತೆಗಿದ್ದ ಮರಗಳು ಹಿಂದುಳಿಯುತ್ತವೆ. ಬೆಟ್ಟದ ಮೈಯನ್ನು ಕಡಿದು ಮಾಡಿದ ರಸ್ತೆ ಸುತ್ತಿ ಸುತ್ತಿ ಮೇಲೇರುತ್ತದೆ. ಒಂದು ಮಗ್ಗುಲಿಗೆ ಗೋಡೆಯಂಥ ಬಂಡೆ, ಇನ್ನೊಂದು ಮಗ್ಗುಲಿಗೆ ಪ್ರಪಾತ. ಸುಮಾರು 11,500 ಅಡಿ ಎತ್ತರದ ಈ ಕಣಿವೆಯೇ ಜೋಜಿಲಾ. ಕಾಶ್ಮೀರದ ಹಸುರು ಮುಗಿದು ಲಡಾಖಿನ ಬೋಳು ಬೆಟ್ಟಗಳು ತೊಡಗುವ ಹೊಸ್ತಿಲು.

ಇಂದು ಮೋಟಾರುಗಳು ಸಾಲುಗಟ್ಟಿ ಏರುವ ಈ ಹಾದಿ 1948ರಲ್ಲಿ ಹೇಸರಗತ್ತೆಗಳ ಕಾಲುದಾರಿ. ಆ ವರ್ಷ ದ್ರಾಸ್, ಕಾರ್ಗಿಲ್‌ಗಳು ಕೈಬಿಟ್ಟುಹೋಗಿ, ಲೇಹ್ ಪಟ್ಟಣ ಒಂಟಿಯಾಗಿತ್ತು. ಕಣಿವೆಯ ಎತ್ತರಗಳಲ್ಲಿ ಶತ್ರುಗಳು ಬಂಡೆಗಳ ಮರೆಯಲ್ಲಿ ಬೀಡುಬಿಟ್ಟಿದ್ದರು. ಸೆಪ್ಟೆಂಬರಿನಲ್ಲಿ ನಮ್ಮ ಸೇನೆ ನಡೆಸಿದ ದಾಳಿ ಕೈಗೂಡಲಿಲ್ಲ. ಹಿಮ ಬೀಳುವುದರೊಳಗೆ ದಾರಿ ತೆರೆಯದಿದ್ದರೆ ಚಳಿಗಾಲ ಕಳೆಯುವವರೆಗೆ ಲೇಹ್‌ಗೆ ನೆಲದ ಮೇಲಿನ ನೆರವಿಲ್ಲ.

ಈ ಹೊಣೆ ಬಿದ್ದದ್ದು ಮಡಿಕೇರಿಯಲ್ಲಿ 1906ರಲ್ಲಿ ಹುಟ್ಟಿದ ಮೇಜರ್ ಜನರಲ್ ಕೆ. ಎಸ್. ತಿಮ್ಮಯ್ಯನವರ ಮೇಲೆ. ಅವರ ಮೇಲಧಿಕಾರಿ ಕಾರ್ಯಪ್ಪನವರೂ ಕೊಡಗಿನವರೇ. ಕಾಫಿ, ಕಿತ್ತಳೆಯ ನಾಡಿನ ಇಬ್ಬರು ಹಿಮದ ನಾಡಿನ ಚಿಂತೆ ಹೊತ್ತುಕೊಂಡದ್ದು ಸೋಜಿಗವೇ ಸರಿ. ಎರಡನೆಯ ಮಹಾಯುದ್ಧದಲ್ಲಿ ಬರ್ಮಾದ ಅರಕಾನ್ ರಣರಂಗವನ್ನು ಕಂಡಿದ್ದ ತಿಮ್ಮಯ್ಯನವರು ಸೋಲಿಗೆ ಸಿಪಾಯಿಗಳನ್ನು ದೂರುತ್ತ ಕೂಡಲಿಲ್ಲ. ಕಾಲಾಳುಗಳಿಂದ ಆಗದ್ದನ್ನು ಟ್ಯಾಂಕುಗಳಿಂದ ಮಾಡಿಸುವ ಯೋಚನೆ ಹೂಡಿದರು. ಆ ಎತ್ತರಕ್ಕೆ ಟ್ಯಾಂಕು! ಕೇಳಿದವರು ನಕ್ಕಿದ್ದರೂ ತಪ್ಪಿರಲಿಲ್ಲ.

7ನೆಯ ಲೈಟ್ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕುಗಳ ಮೇಲ್ಗೋಪುರಗಳನ್ನು ಕಳಚಿ, ಗುರುತು ಸಿಕ್ಕದಂತೆ ಮುಚ್ಚಿ, ಜಮ್ಮುವಿನಿಂದ ಗುಟ್ಟಾಗಿ ತಂದರು. ದಾರಿಯ ಸೇತುವೆಗಳು ಅವುಗಳ ಭಾರಕ್ಕೆ ಕಟ್ಟಿದವಲ್ಲ. ಬಾಲ್ತಾಲದಿಂದ ಮೇಲಕ್ಕೆ ಮದರಾಸ್ ಸ್ಯಾಪರ್‌ಗಳು ಬಂಡೆ ಸಿಡಿಸಿ ಕಾಲುದಾರಿಯನ್ನು ಅಗಲಗೊಳಿಸಿದರು. ಹವೆ ಕೆಟ್ಟು ದಾಳಿಯ ದಿನವನ್ನು ಮುಂದಕ್ಕೆ ಹಾಕಬೇಕಾಯಿತು.

ಕೊನೆಗೆ ನವೆಂಬರ್ 1ರ ಮಧ್ಯಾಹ್ನ ಟ್ಯಾಂಕುಗಳು ಕಣಿವೆಯನ್ನು ಹೊಕ್ಕವು. ಮುಂಚೂಣಿಯ ಟ್ಯಾಂಕಿನಲ್ಲಿ ಸ್ವತಃ ತಿಮ್ಮಯ್ಯನವರೇ ಇದ್ದರು. ಒಂದು ಡಿವಿಜನ್ನಿನ ಅಧಿಪತಿ ಅಲ್ಲಿ ಕೂಡುವುದು ಯುದ್ಧಶಾಸ್ತ್ರಕ್ಕೆ ಒಪ್ಪುವ ಮಾತಲ್ಲ. ಆದರೆ ಒಮ್ಮೆ ಹಿಮ್ಮೆಟ್ಟಿದ ಸಿಪಾಯಿಗಳಿಗೆ ಅದಕ್ಕಿಂತ ದೊಡ್ಡ ಧೈರ್ಯವಚನವನ್ನು ಯಾರು ತಾನೇ ಹೇಳಬಲ್ಲವರಾಗಿದ್ದರು? ಹಿಂದಿನ ಮೇ ತಿಂಗಳಲ್ಲಿ ಮೆಹರ್ ಸಿಂಗರು ನಡೆಸಿದ ಡಕೋಟಾ ವಿಮಾನ ಲೇಹ್‌ನಲ್ಲಿ ಮೊದಲ ಬಾರಿಗೆ ಇಳಿದಾಗಲೂ ಅದರೊಳಗೆ ಇವರಿದ್ದರು. ಟ್ಯಾಂಕುಗಳನ್ನು ಕನಸಿನಲ್ಲಿಯೂ ನಿರೀಕ್ಷಿಸಿರದ ಶತ್ರುಗಳು ಕಕ್ಕಾಬಿಕ್ಕಿಯಾದರು. ಅಂದೇ ಕಣಿವೆಯಾಚೆಯ ಗುಮ್ರಿ ಬಯಲು ವಶವಾಯಿತು. ಅದೇ ತಿಂಗಳಿನಲ್ಲಿ ದ್ರಾಸ್, ಕಾರ್ಗಿಲ್‌ಗಳೂ ಮರಳಿ ದೊರೆತವು.

ಮುಂದೆ 1957ರಿಂದ 1961ರವರೆಗೆ ಭೂಸೇನೆಯ ಮುಖ್ಯಸ್ಥರಾಗಿದ್ದ ತಿಮ್ಮಯ್ಯನವರು, ವಿಶ್ವಸಂಸ್ಥೆಯ ಶಾಂತಿಪಡೆಯ ನಾಯಕರಾಗಿದ್ದಾಗಲೇ 1965ರ ಡಿಸೆಂಬರಿನಲ್ಲಿ ಸೈಪ್ರಸ್ಸಿನಲ್ಲಿ ತೀರಿಕೊಂಡರು. ಮಡಿಕೇರಿಯ ಅವರ ಮನೆ ‘ಸನ್ನಿ ಸೈಡ್’ 2021ರಿಂದ ವಸ್ತುಸಂಗ್ರಹಾಲಯವಾಗಿದೆ. ಇತ್ತ ಜೋಜಿಲಾದಲ್ಲಿ ಹಿಮ ಕರಗಿದೊಡನೆ ಲಾರಿಗಳ ಸಾಲು ಮತ್ತೆ ಗುಮ್ರಿಯತ್ತ ಇಳಿಯುತ್ತದೆ.