ಹೆದರಿದ ಮಗು

ಮೈಗಾದ ಗಾಯವನ್ನು ಕಂಡರೆ ಊರೆಲ್ಲ ಓಡಿಬರುತ್ತದೆ. ಮನಸ್ಸಿಗಾದ ಗಾಯಕ್ಕೆ ಸಾಕ್ಷಿಯೇ ಇಲ್ಲ. ಅದರಲ್ಲೂ ಮಗುವಿನದಾದರೆ, 'ಅದಕ್ಕೇನು ತಿಳಿಯುತ್ತದೆ, ಮರೆತುಬಿಡುತ್ತದೆ' ಎಂದು ಹಿರಿಯರು ಸಮಾಧಾನ ಹೇಳಿಕೊಳ್ಳುವುದು ವಾಡಿಕೆ. ಮಗು ಮರೆಯುವುದಿಲ್ಲವೆಂಬುದನ್ನು ನಾನು ಪುಸ್ತಕದಿಂದ ಕಲಿತವನಲ್ಲ. ನನ್ನ ಅಕ್ಕನ ಮಗನಿಂದ ಕಲಿತೆ.

ಅಕ್ಕನ ಗಂಡ ನಾಡದೋಣಿಯ ಮೀನುಗಾರ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧವಿರುವಾಗ ಕಡಲಿಗಿಳಿಯುವವರು ಇವರೇ. ಮೂರು ವರ್ಷಗಳ ಹಿಂದೆ ಒಂದು ಮಳೆಗಾಲದ ಬೆಳಗ್ಗೆ ಅಳಿವೆಯ ಬಾಯಲ್ಲಿ ದೋಣಿ ಮಗುಚಿತು. ಉಳಿದವರು ಈಜಿ ದಡ ಸೇರಿದರು, ಭಾವ ಸಿಗಲಿಲ್ಲ. ದಡದಲ್ಲಿ ನಿಂತು ನೋಡಿದವರಲ್ಲಿ ಅವರ 7 ವರ್ಷದ ಮಗನೂ ಒಬ್ಬ.

ಅಂದಿನಿಂದ ಹುಡುಗನಿಗೆ ಮಾತು ಕಡಿಮೆಯಾಯಿತು. ರಾತ್ರಿ ಹಾಸಿಗೆ ಒದ್ದೆಯಾಗುತ್ತಿತ್ತು. ಮಳೆ ಜೋರಾದರೆ ಕಿವಿ ಮುಚ್ಚಿಕೊಂಡು ಮಂಚದಡಿ ಸೇರುತ್ತಿದ್ದ. ಶಾಲೆಗೆ ಹೊರಟರೆ ಹೊಟ್ಟೆನೋವು. ತೆಂಗಿನ ಗರಟೆಯನ್ನು ನೀರಿನಲ್ಲಿ ತೇಲಿಬಿಟ್ಟು, ಮಗುಚಿ, ಮತ್ತೆ ತೇಲಿಬಿಡುವ ಒಂದೇ ಆಟ. "ಮಾಣಿ ಹೆದ್ರಿದ್ದ್, ಮತ್ತೆಂತ ಇಲ್ಲೆ" ಎಂದರು ಅಜ್ಜಿ. ನೂಲು ಕಟ್ಟಿಸಿದ್ದಾಯಿತು, ಕೊಲ್ಲೂರಿಗೆ ಹರಕೆ ಹೊತ್ತದ್ದಾಯಿತು. ಅವರ ನಂಬಿಕೆಯನ್ನು ಹಗುರಾಗಿ ಕಾಣುವ ಅಧಿಕಾರ ನನಗಿಲ್ಲ. ಮಗು ಹೆದರಿದೆ ಎಂಬುದನ್ನು ಮೊದಲು ಕಂಡುಹಿಡಿದವರು ಅವರೇ ಅಲ್ಲವೆ?

ಮನೋವೈದ್ಯರೆಂದರೆ ಹುಚ್ಚಿಗೆ ಮದ್ದು ಕೊಡುವವರೆಂದೇ ಊರಿನ ತಿಳಿವಳಿಕೆ. 'ನಾಳೆ ಅವನಿಗೆ ಹೆಣ್ಣು ಕೊಡುವವರಾರು?' ಎಂದು ಕೇಳಿದವರೂ ಉಂಟು! ಆದರೂ ಅಕ್ಕ ಗೇರುಬೀಜ ಕಾರ್ಖಾನೆಯ ಒಂದು ದಿನದ ಕೂಲಿ ಬಿಟ್ಟು ಹೊರಟಳು. ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ ಆದುದರಿಂದ ಚೀಟಿ ಓದಲು ನಾನೂ ಜತೆಯಾದೆ. ಮೊದಲು ಹೋದಲ್ಲಿ ಮಧ್ಯಾಹ್ನದವರೆಗೆ ಕಾದು, ಮಕ್ಕಳನ್ನು ನೋಡುವವರು ಅಂದು ಬಂದಿಲ್ಲವೆಂದು ಕೇಳಿ ಮರಳಿದೆವು. ಬೈಂದೂರು ಕಡೆಯವರಿಗೆ ಮಣಿಪಾಲವೆಂದರೆ ಇಡೀ ಒಂದು ದಿನದ ಪಯಣ. ಕೊನೆಗೆ ಬ್ರಹ್ಮಾವರದ ಚಿಕ್ಕಮ್ಮನ ಮನೆಯಲ್ಲಿ ತಂಗಿ ಹೋಗಿಬರುವುದೆಂದಾಯಿತು.

ಅಲ್ಲಿ ಕಂಡದ್ದು ನನಗೆ ಹೊಸದು. ವೈದ್ಯೆ ಮಗುವಿಗೆ ಪ್ರಶ್ನೆ ಹಾಕಲಿಲ್ಲ. ಕಾಗದ, ಬಣ್ಣದ ಕಡ್ಡಿ ಕೊಟ್ಟರು. ಮೂರನೆಯ ಸಲ ಅವನು ದೋಣಿ ಬರೆದ. ಅಕ್ಕನೊಡನೆಯೇ ಅವರು ಹೆಚ್ಚು ಹೊತ್ತು ಮಾತಾಡಿದರು: ಊಟ, ನಿದ್ದೆ ದಿನವೂ ಒಂದೇ ಹೊತ್ತಿಗಿರಲಿ, ಒದ್ದೆ ಹಾಸಿಗೆಗೆ ಬೈಯಬೇಡಿ, 'ಅಪ್ಪ ಬರುತ್ತಾರೆ' ಎನ್ನಬೇಡಿ. ಈ ಕೊನೆಯದೇ ಕಷ್ಟ. 7 ವರ್ಷ ಸುದ್ದಿಯಿಲ್ಲದವನನ್ನು ಸತ್ತನೆಂದು ಭಾವಿಸಬಹುದೆನ್ನುತ್ತದೆ ಕಾನೂನು; ಮಗುವಿಗೆ ಉತ್ತರ ಇಂದೇ ಬೇಕು. ಅಕ್ಕ ಧೈರ್ಯ ಮಾಡಿ ಹೇಳಿದಳು. ಆಗ ಅವನು ಕೇಳಿದ: "ನಾನು ಹೊಸ ಕೊಡೆ ಬೇಕೆಂದು ಹಠ ಮಾಡಿದ್ದಕ್ಕೆ ಅಪ್ಪ ಹೋದದ್ದಾ?" ಅಷ್ಟು ತಿಂಗಳು ಆ ಪುಟ್ಟ ಎದೆ ಹೊತ್ತಿದ್ದ ಭಾರ ಅದು! ಇಂಥ ತಪ್ಪನ್ನು ತಮ್ಮ ಮೇಲೆಯೇ ಹಾಕಿಕೊಳ್ಳುವುದು ಮಕ್ಕಳಲ್ಲಿ ಸಾಮಾನ್ಯವೆಂದು ವೈದ್ಯೆ ತಿಳಿಸಿದರು.

ಇದು ನಮ್ಮ ಮನೆಯೊಂದರ ಕಥೆಯಲ್ಲ. 2016ರ ಜೂನ್ 21ರಂದು ತ್ರಾಸಿಯ ಬಳಿ ಶಾಲಾಮಕ್ಕಳ ವ್ಯಾನಿಗೂ ಬಸ್ಸಿಗೂ ಡಿಕ್ಕಿಯಾಗಿ 8 ಮಕ್ಕಳು ತೀರಿಕೊಂಡರು. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ 'ಸುವರ್ಣ ತ್ರಿಭುಜ' ದೋಣಿಯೊಡನೆ 7 ಮೀನುಗಾರರು ಕಣ್ಮರೆಯಾದರು. ಸತ್ತವರ ಲೆಕ್ಕ ಸರಕಾರ ಇಡುತ್ತದೆ. ಬೆಂಚಿನಲ್ಲಿ ಪಕ್ಕ ಕುಳಿತಿದ್ದ ಗೆಳೆಯನ, ಬಾಗಿಲಲ್ಲಿ ಕಾದ ಮಗಳ ಲೆಕ್ಕ ಇಡುವವರಾರು?

ದಾರಿಗಳು ಇಲ್ಲದಿಲ್ಲ. ಜಿಲ್ಲೆಯ ಮಟ್ಟದಲ್ಲೇ ಮನೋವೈದ್ಯಸೇವೆ ಸಾಧ್ಯವೆಂದು 1980ರ ದಶಕದಲ್ಲಿ ನಿಮ್ಹಾನ್ಸ್ ಸಂಸ್ಥೆ ದೇಶಕ್ಕೆ ತೋರಿಸಿದ್ದು ನಮ್ಮ ಬಳ್ಳಾರಿಯಲ್ಲೇ. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್‌ಗೆ 14416ರಲ್ಲಿ ಹಗಲಿರುಳೂ ಉಚಿತವಾಗಿ ಕನ್ನಡದಲ್ಲೇ ಮಾತಾಡಬಹುದು. ಮಕ್ಕಳ ಸಹಾಯಕ್ಕೆ 1098 ಇದೆ. ಕುಂದಾಪುರ, ಬೈಂದೂರು, ಬ್ರಹ್ಮಾವರಗಳಲ್ಲಿ ಮಕ್ಕಳ ಮನಸ್ಸಿಗಾಗಿ ತಪ್ಪದೆ ನಡೆಯುವ ಒಂದು ದಿನ ಗೊತ್ತಾದರೆ ಎಷ್ಟೋ ತಾಯಂದಿರ ಕೂಲಿ ಉಳಿದೀತು.

ನಮ್ಮ ಹುಡುಗ ಈಗ ಐದನೆಯ ತರಗತಿ. ಮಳೆ ಜೋರಾದರೆ ಇನ್ನೂ ತಾಯಿಯ ಮುಖ ನೋಡುತ್ತಾನೆ, ಮಂಚದಡಿ ಹೋಗುವುದಿಲ್ಲ. ಸಹಪಾಠಿ ಮಿತ್ರರೆ, ನಮ್ಮಲ್ಲಿ ಅನೇಕರು ತಮ್ಮ ಮನೆಯ ಮೊದಲ ಪದವೀಧರರಾಗಲಿರುವವರು. ನೆರೆಮನೆಯ ತಾಯಿಯೊಬ್ಬಳು ಮಾತುಬಿಟ್ಟ ಮಗುವನ್ನು ಕರೆದುಕೊಂಡು ಎಲ್ಲಿಗೆ ಹೋಗಲೆಂದು ತಿಳಿಯದೆ ನಿಂತಾಗ, ಅವಳ ಚೀಟಿ ಓದಿ ಜತೆಗೆ ಬಸ್ಸು ಹತ್ತುವಷ್ಟಾದರೂ ನಮ್ಮ ವಿದ್ಯೆ ಉಪಯೋಗಕ್ಕೆ ಬರಲಿ.