ಮುಂದು ಹಿಂದಿಲ್ಲದ ದೋಣಿ

ಯಾದಗಿರಿಯ ಮಗ್ಗುಲಲ್ಲಿ ಭೀಮೆಯೂ ಶಹಾಪುರ, ಸುರಪುರ ಸೀಮೆಗಳ ದಕ್ಷಿಣದ ಅಂಚಿನಲ್ಲಿ ಕೃಷ್ಣೆಯೂ ಹರಿಯುವ ನಾಡಿನಲ್ಲಿ, ಸೇತುವೆಗಳು ಬರುವ ಮೊದಲು ಜನರನ್ನೂ ಜೋಳದ ಚೀಲಗಳನ್ನೂ ಆಡುಕುರಿಗಳನ್ನೂ ದಡದಿಂದ ದಡಕ್ಕೆ ಮುಟ್ಟಿಸುತ್ತಿದ್ದುದು ಹರಿಗೋಲು, ಅಂದರೆ ಬಿದಿರಿನ ಬುಟ್ಟಿಗೆ ತೊಗಲು ಹೊದಿಸಿ ಮಾಡಿದ ದುಂಡನೆಯ ದೋಣಿ. ಕಡಲ ತೀರದ ಹಾಯಿದೋಣಿಗಿರುವ ಚೂಪಾದ ಮೂತಿಯಾಗಲಿ, ಗಾಳಿಯ ಅಡ್ಡನೂಕನ್ನು ತಡೆಯಲು ತಳದಿಂದ ನೀರಿನೊಳಕ್ಕೆ ಇಳಿದಿರುವ ಹಲಗೆಯಾಗಲಿ, ದಿಕ್ಕು ತಿರುಗಿಸುವ ಚುಕ್ಕಾಣಿಯಾಗಲಿ ಇದಕ್ಕಿಲ್ಲ. ಆದರೂ ಈ ಹೊಳೆಗಳಿಗೆ ಇದಕ್ಕಿಂತ ಒಪ್ಪುವ ದೋಣಿಯನ್ನು ಕಲ್ಪಿಸುವುದು ಕಷ್ಟ.

ನಾರಾಯಣಪುರದಿಂದ ಕೆಳಗೆ ಕೃಷ್ಣೆ ಬಂಡೆಗಳ ನಡುವೆ ಕವಲೊಡೆದು, ಗಡ್ಡಿಗಳನ್ನು, ಅಂದರೆ ನಡುಗಡ್ಡೆಗಳನ್ನು, ಬಳಸಿ ಹರಿಯುತ್ತದೆ. ಬೇಸಿಗೆಯಲ್ಲಿ ಕೆಲವೆಡೆ ಮೊಣಕಾಲುದ್ದಕ್ಕೆ ಇಳಿಯುವ ನೀರು ಮಳೆಗಾಲದಲ್ಲಿ ದಡ ಮೀರುತ್ತದೆ. ಇಂಥಲ್ಲಿ ಆಳಕ್ಕಿಳಿದ ತಳವುಳ್ಳ ದೋಣಿ ಕಲ್ಲಿಗೆ ಬಡಿದು ನಿಲ್ಲುತ್ತದೆ. ಹರಿಗೋಲಿನ ಅಗಲವಾದ ಚಪ್ಪಟೆ ತಳವಾದರೋ ಭಾರವನ್ನು ಹರಡಿಕೊಳ್ಳುತ್ತದೆ: ಎರಡೂವರೆ ಮೀಟರ್ ಅಡ್ಡಳತೆಯ ತಳ 10 ಸೆಂಟಿಮೀಟರ್ ಮುಳುಗಿದರೆ ಸುಮಾರು 490 ಕಿಲೋ ಭಾರವನ್ನು, ಅಂದರೆ ಏಳು ಜನರ ತೂಕವನ್ನು, ನೀರೇ ಎತ್ತಿ ಹಿಡಿಯುತ್ತದೆ. ಬಿದಿರಿನ ಸೀಳುಗಳನ್ನು ಒಂದರ ಮೇಲೊಂದು ಅಡ್ಡಡ್ಡ ಹೆಣೆದು, ಅಂಚನ್ನು ದಪ್ಪವಾಗಿ ಸುತ್ತಿ ಕಟ್ಟಿರುವುದರಿಂದ ಬಂಡೆ ತಾಗಿದಾಗ ಮೈ ಬಳುಕಿ ಪೆಟ್ಟನ್ನು ಅರಗಿಸಿಕೊಳ್ಳುತ್ತದೆ. ಹಸಿಯಾಗಿದ್ದಾಗ ಎಳೆದು ಹೊಲಿದ ತೊಗಲು ಒಣಗುತ್ತ ಬಿಗಿಯಾಗಿ ಹೆಣಿಗೆಗೆ ಅಂಟಿಕೊಳ್ಳುತ್ತದೆ. ಈಗ ತೊಗಲಿನ ಜಾಗಕ್ಕೆ ಪ್ಲಾಸ್ಟಿಕ್ ಹಾಳೆ, ಡಾಂಬರು ಬಂದಿವೆ. ಹೆಣಿಗೆಯ ತತ್ವ ಬದಲಾಗಿಲ್ಲ.

ಹರಿಗೋಲನ್ನು ನಡೆಸುವುದರಲ್ಲಿಯೇ ಈ ಕಲೆಯ ಸೊಗಸೆಲ್ಲ ಇದೆ. ಹುಟ್ಟನ್ನು ಪಕ್ಕದಲ್ಲಿ ಹಾಕಿದರೆ ದುಂಡನೆಯ ಮೈ ನಿಂತಲ್ಲೇ ಗಿರಗಿರನೆ ಸುತ್ತುತ್ತದೆ. ಆದ್ದರಿಂದ ಅಂಬಿಗನು ಹೋಗಬೇಕಾದ ಕಡೆಯ ಅಂಚಿಗೆ ಬಂದು, ಹುಟ್ಟನ್ನು ಮುಂದಕ್ಕೆ ಚಾಚಿ ನೀರಿಗಿಳಿಸಿ ತನ್ನತ್ತ ಎಳೆದುಕೊಳ್ಳುತ್ತಾನೆ. ಒಂದು ಎಳೆತ ಎಡಕ್ಕೆ ತಿರುಗಿಸಿದ್ದನ್ನು ಮುಂದಿನದು ಬಲಕ್ಕೆ ಸರಿಪಡಿಸುತ್ತ, ದೋಣಿ ತುಸು ಓಲಾಡುತ್ತಲೇ ಮುಂದೆ ಸಾಗುತ್ತದೆ. ಸೆಳವು ಜೋರಾಗಿದ್ದರೆ ಅದರೊಡನೆ ಸೆಣಸುವ ಬದಲು, ಹರಿಗೋಲನ್ನು ಆಮೆಯ ಚಿಪ್ಪಿನಂತೆ ಬೆನ್ನ ಮೇಲೆ ಹೊತ್ತು ದಡದಗುಂಟ ಮೇಲಕ್ಕೆ ನಡೆದು, ಅಲ್ಲಿಂದ ನೀರಿಗಿಳಿದು, ಹರಿವಿಗೆ ಮಣಿಯುತ್ತಲೇ ಓರೆಯಾಗಿ ದಾಟಿ ಎದುರಿನ ಕಡವಿಗೆ ಸೇರುತ್ತಾನೆ. ಕುಳಿತವರೆಲ್ಲ ಒಂದೇ ಬದಿಗೆ ವಾಲದಂತೆ ಭಾರ ಹಂಚುವುದೂ ಅವನದೇ ಹೊಣೆ. ಚುಕ್ಕಾಣಿ ಮಾಡಬೇಕಾದ ಕೆಲಸವನ್ನು ಇಲ್ಲಿ ಹೊಳೆಯ ತಿಳಿವಳಿಕೆ ಮಾಡುತ್ತದೆ.

ಈ ವಿದ್ಯೆ ಬಹಳ ಹಳೆಯದು. ಕ್ರಿಸ್ತಪೂರ್ವ 5ನೆಯ ಶತಮಾನದ ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಬ್ಯಾಬಿಲೋನಿಗೆ ಸರಕು ತರುತ್ತಿದ್ದ ದುಂಡನೆಯ ತೊಗಲು ದೋಣಿಗಳನ್ನು ವರ್ಣಿಸಿದ್ದಾನೆ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಆನೆಗೊಂದಿಯಲ್ಲಿ ಹದಿನೈದು ಇಪ್ಪತ್ತು ಜನರನ್ನು ಹೊರಬಲ್ಲ, ಸದಾ ಸುತ್ತುತ್ತ ಸಾಗುವ ಬುಟ್ಟಿದೋಣಿಗಳನ್ನು ಕಂಡು ಬರೆದಿದ್ದಾನೆ.

ಹರಿಗೋಲಿಗೆ ಮಿತಿಯೂ ಇದೆ. ಮಹಾಪೂರದ ಸೆಳವಿನಲ್ಲಿ ಇದನ್ನು ನಂಬುವಂತಿಲ್ಲ. 2013ರ ಮಳೆಗಾಲದಲ್ಲಿ ಸುರಪುರ ಸೀಮೆಯ ನೀಲಕಂಠರಾಯನಗಡ್ಡಿಯ ತುಂಬು ಗರ್ಭಿಣಿಯೊಬ್ಬರು ಒಣಗಿದ ಸೋರೆಬುರುಡೆಗಳನ್ನು ಕಟ್ಟಿಕೊಂಡು ಉಕ್ಕುವ ಕೃಷ್ಣೆಯನ್ನು ಈಜಿ ದಾಟಬೇಕಾಯಿತು. ಆದ್ದರಿಂದ ಸೇತುವೆಗಳು ಬೇಕೇ ಬೇಕು. ಹಾಗೆಂದು ಹರಿಗೋಲು ಕಟ್ಟುವ ವಿದ್ಯೆಯನ್ನು ಕಳೆದುಕೊಳ್ಳಬೇಕಾಗಿಲ್ಲ. ಮೀನುಗಾರರು ಇಂದಿಗೂ ಇದರಲ್ಲಿ ಕುಳಿತೇ ಬಲೆ ಬೀಸುತ್ತಾರೆ. ಬಿದಿರು ಸೀಳಿ ಹೆಣೆಯಬಲ್ಲ ಕೈಗಳು ಅಂಬಿಗರ ಮನೆಗಳಲ್ಲಿ ಇರುವಾಗಲೇ ಅದರ ಅಳತೆ, ಹೆಣಿಗೆ, ಹುಟ್ಟಿನ ಪಟ್ಟುಗಳನ್ನು ಬರೆದಿಡುವುದು, ಮಕ್ಕಳಿಗೆ ಕಲಿಸುವುದು ಈ ನಾಡು ತನ್ನ ಹೊಳೆಗೆ ತೀರಿಸಬೇಕಾದ ಋಣ.