ಬೆಳತೂರಿನ ಶಿಲಾಲೇಖ

ಕನ್ನಡ ನಾಡಿನಲ್ಲಿ ಸಂಚರಿಸುವವರಿಗೆ ಮಾಸ್ತಿಗಲ್ಲು ಅಪರಿಚಿತವಲ್ಲ. ಕಂಬದಿಂದ ಚಾಚಿದ ತೋಳು, ತೋಳಿನಲ್ಲಿ ಒಡೆಯದ ಬಳೆ: ಗಂಡನ ಹಿಂದೆ ಬೆಂಕಿಯನ್ನು ಹೊಕ್ಕವಳ ಕುರುಹಾಗಿ ಉಳಿದಿರುವುದು ಬಹುಮಟ್ಟಿಗೆ ಇಷ್ಟೇ. ಎಷ್ಟೋ ಕಲ್ಲುಗಳ ಮೇಲೆ ಅವಳ ಹೆಸರೂ ಇಲ್ಲ.

ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಬೆಳತೂರಿನ ಶಾಸನವಾದರೋ ಅಂಥ ಒಬ್ಬಳ ಕಥೆಯನ್ನೇ ಪದ್ಯದಲ್ಲಿ ಹೇಳುತ್ತದೆ. ಕಾಲ ಕ್ರಿ.ಶ. 1057, ಆಗ ಆ ಸೀಮೆ ಚೋಳರ ಆಳ್ವಿಕೆಯಲ್ಲಿತ್ತು. ರಾಜಾಜ್ಞೆಯಂತೆ ತಲಕಾಡಿನಲ್ಲಿ ಏಚನೆಂಬ ನಾಡೊಡೆಯನಿಗೆ ಮರಣದಂಡನೆಯಾಯಿತು. ವಾರ್ತೆ ಕೇಳಿದ ಮಡದಿ ದೇಕಬ್ಬೆ ಸಾಯಲು ನಿಶ್ಚಯಿಸಿದಳು. ತಾಯಿತಂದೆಗಳು ಬೇಡವೆಂದು ಮೊರೆಯಿಟ್ಟರು. ಹುಟ್ಟಿದ ಮನೆಗೂ ಸೇರಿದ ಮನೆಗೂ ಕುಂದು ತಾರೆನೆಂದು ಅವಳು ಅಗ್ನಿಯನ್ನು ಪ್ರವೇಶಿಸಿದಳು.

ಶಾಸನಕವಿ ಅವಳನ್ನು ಕೊಂಡಾಡಿದ್ದಾನೆ. ಹೆತ್ತವರ ಮೊರೆಯನ್ನು ಮಾತ್ರ ಮರೆಮಾಡಲಿಲ್ಲ. ಪದ್ಧತಿಯು ಎಷ್ಟೇ ಪ್ರಬಲವಾಗಿದ್ದರೂ ಮಗಳು ಬದುಕಲಿ ಎಂಬ ಹಂಬಲ ಅಂದೂ ಇದ್ದಿತೆನ್ನಲು ಆ ಕಲ್ಲೇ ಸಾಕ್ಷಿ.

ಬಂಗಾಳ ಪ್ರಾಂತದಲ್ಲಿ ಸಹಗಮನವು ನಿಷಿದ್ಧವಾದದ್ದು 1829ರಲ್ಲಿ. ರಾಜಸ್ಥಾನದ ದೇವರಾಲಾದ ದುರಂತದ ತರುವಾಯ, 1987ರ ಕಾನೂನು ಅದರ ವೈಭವೀಕರಣವನ್ನೂ ಅಪರಾಧವೆಂದು ಸಾರಿತು. ಮಾಸ್ತಿಗಲ್ಲಿನೆದುರು ನಿಲ್ಲುವ ಪ್ರವಾಸಿಗರು ಬಳೆತೊಟ್ಟ ಆ ಕೈಯನ್ನು ಕಾಣುವಾಗ, ದೇಕಬ್ಬೆಯನ್ನು ತಡೆಯಲು ಹೆಣಗಿದವರನ್ನೂ ನೆನೆಯುವುದು ಉಚಿತ.